ಸೌಂದರ್ಯ: ಹನ್ನೆರಡು ವರ್ಷ, ನೂರಕ್ಕೂ ಹೆಚ್ಚು ಸಿನಿಮಾ, ಕನ್ನಡಕ್ಕೆ ಸಿಕ್ಕಿದ್ದೆಷ್ಟು?

ಹಳೇ ಟಾಕೀಸು

ನಟಿ ಸೌಂದರ್ಯ ಅವರ ಬಗ್ಗೆ ಎಲ್ಲೇ ಮಾತು ಶುರುವಾಗಲಿ, ಸ್ವಲ್ಪ ಹೊತ್ತಿಗೆ ಅದು ಜಕ್ಕೂರಿನ ವಿಮಾನ ಅಪಘಾತಕ್ಕೆ ಹೋಗಿಬಿಡುತ್ತದೆ. 2004ರ ಏಪ್ರಿಲ್ 17. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದರು. ಜೊತೆಗೆ ಸಹೋದರ ಅಮರನಾಥ್ ಇದ್ದರು. ವಿಮಾನ ಮೇಲೇರಿದ ಕೂಡಲೇ ಬಿತ್ತು. ಇಷ್ಟು ಎಲ್ಲರಿಗೂ ಗೊತ್ತು. ಇಲ್ಲಿ ಅದು ಬೇಡ. ಆಸ್ತಿ ವಿಚಾರ, ಗಾಳಿಸುದ್ದಿ, ಜಾತಕ, ಅದೂ ಬೇಡ. ಅವರ ಕೆಲಸದ ಬಗ್ಗೆ ಮಾತಾಡೋಣ.

ನಾನು ಹೇಳಬೇಕೆಂದಿರುವುದು ಇಷ್ಟು. ಕನ್ನಡ ಚಿತ್ರರಂಗ ಅವರನ್ನು ಕಳೆದುಕೊಂಡೆವು ಅಂತ ಪ್ರತಿ ಏಪ್ರಿಲ್‌ನಲ್ಲೂ ನೆನೆಯುತ್ತದೆ. ಆದರೆ ಅವರು ಇದ್ದಾಗ ಅವರಿಗೆ ಒಳ್ಳೆಯ ಪಾತ್ರ ಬರೆದವರು ಎಷ್ಟು ಜನ? 1992ರಲ್ಲಿ ‘ಗಂಧರ್ವ’ ಬಂತು, ಅದೇ ವರ್ಷ ‘ಬಾ ನನ್ನ ಪ್ರೀತಿಸು’. ಮರುವರ್ಷವೇ ತೆಲುಗು, ತಮಿಳು ಎರಡೂ ಕಡೆ ಕೆಲಸ ಶುರು. ಆಮೇಲೆ ನೂರಕ್ಕೂ ಹೆಚ್ಚು ಸಿನಿಮಾ ಮಾಡಿದರು. ಅದರಲ್ಲಿ ಕನ್ನಡದ್ದು ಹತ್ತು ಹನ್ನೆರಡರ ಆಸುಪಾಸು. ಮುಳಬಾಗಿಲಿನ ಹುಡುಗಿ, ತಂದೆ ಸತ್ಯನಾರಾಯಣ ಕನ್ನಡದಲ್ಲೇ ಕಥೆ ಬರೆದವರು, ಸಿನಿಮಾ ತೆಗೆದವರು. ಅಂಥವರಿಗೆ ಕನ್ನಡದಲ್ಲಿ ಸಿಕ್ಕ ಅತ್ಯಂತ ಗಟ್ಟಿ ಪಾತ್ರ ‘ದ್ವೀಪ’ದ ನಾಗಿ. ಅದು ಸಿಗಬೇಕಾದರೆ ಅವರೇ ದುಡ್ಡು ಹಾಕಿ ನಿರ್ಮಾಪಕಿ ಆಗಬೇಕಾಯಿತು.

ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ಬೇರೆಯವರು ಏನಂತೀರಿ?

ಕೋಲಾರದ ಕಡೆಯವನು

ಮುಳಬಾಗಿಲು ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಓಡಾಡುತ್ತವೆ. ಇಲ್ಲಿನವರು ತೆಲುಗು ಸಿನಿಮಾ ನೋಡುವುದು ಪರದೇಶದ ಸಿನಿಮಾ ನೋಡಿದ ಹಾಗಲ್ಲ. ಆದ್ದರಿಂದ ಅವರು ಹೈದರಾಬಾದಿಗೆ ಹೋಗಿದ್ದನ್ನು ‘ಬಿಟ್ಟು ಹೋದರು’ ಅಂತ ನಾವು ಯಾವತ್ತೂ ನೋಡಲಿಲ್ಲ. ಪಕ್ಕದ ಮನೆಯಲ್ಲೇ ದೊಡ್ಡವರಾದರು ಅಂತ ಖುಷಿಪಟ್ಟೆವು.

ಇನ್ನೊಂದು ಮಾತು. ವೈದ್ಯಕೀಯ ಓದು ಬಿಟ್ಟು ಸಿನಿಮಾಗೆ ಬಂದವರು ಅವರು. ಅಂಥ ಓದು ಬಿಟ್ಟು ಬಂದ ಮೇಲೆ ಯಾರಾದರೂ ಒಳ್ಳೆ ಅವಕಾಶ ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾರೆ. ತೆಲುಗಿನ ಮಾರುಕಟ್ಟೆ ದೊಡ್ಡದು, ವರ್ಷಕ್ಕೆ ಬರುವ ಸಿನಿಮಾ ಜಾಸ್ತಿ. ತಪ್ಪೇನಿದೆ?

ಹಳೇ ಟಾಕೀಸು

ಅವರದ್ದು ತಪ್ಪು ಅಂತ ನಾನು ಹೇಳುತ್ತಲೇ ಇಲ್ಲ. ಹೋಗಿದ್ದು ಸರಿ. ಪ್ರಶ್ನೆ ನಮ್ಮ ಕಡೆಯದ್ದು. 1996ರಲ್ಲಿ ತೆಲುಗಿನ ‘ಪವಿತ್ರ ಬಂಧಂ’ ಬಂತು. ವೆಂಕಟೇಶ್ ನಾಯಕ, ಎಸ್.ಪಿ. ಬಾಲಸುಬ್ರಹ್ಮಣ್ಯಂ ತಂದೆ ಪಾತ್ರ, ಕಥೆ ಪೂರ್ತಿ ನಿಂತಿದ್ದು ಸೌಂದರ್ಯ ಮೇಲೆ. ಅದನ್ನೇ ಕನ್ನಡಕ್ಕೆ ‘ಮಾಂಗಲ್ಯಂ ತಂತುನಾನೇನ’ ಅಂತ ತಂದರು. ಆಗ ಆ ಪಾತ್ರ ಮಾಡಿದ್ದು ರಮ್ಯಾಕೃಷ್ಣ. ರಮ್ಯಾಕೃಷ್ಣ ದೊಡ್ಡ ನಟಿ, ಅವರ ಬಗ್ಗೆ ತಕರಾರಿಲ್ಲ. ಆದರೆ ಬೇರೆ ಭಾಷೆಯಲ್ಲಿ ಕನ್ನಡದ ಹುಡುಗಿಯೇ ಕಟ್ಟಿದ ಪಾತ್ರ ಕನ್ನಡಕ್ಕೆ ಬರುವಾಗ ಅವಳಿಲ್ಲದೆ ಬಂತು ನೋಡಿ.

ಫ್ರೇಮ್ ಬೈ ಫ್ರೇಮ್

ಮೊದಲ ಪೋಸ್ಟಿನ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ. ತೆಲುಗು ಅವರಿಗೆ ಸಂಖ್ಯೆ ಕೊಟ್ಟಿತು ನಿಜ. ವೈವಿಧ್ಯ ಕೊಟ್ಟಿತಾ? ಆ ‘ಪವಿತ್ರ ಬಂಧಂ’ ಕಥೆಯನ್ನೇ ಈಗ ಕೂತು ನೋಡಿ. ಮದುವೆ ಬೇಡ ಅನ್ನುವ ಶ್ರೀಮಂತ ಹುಡುಗ ಒಂದು ವರ್ಷಕ್ಕೆ ಒಪ್ಪಂದದ ಮೇಲೆ ಹೆಂಡತಿಯನ್ನು ತರುತ್ತಾನೆ. ವರ್ಷ ಮುಗಿದ ಮೇಲೆ ಇಷ್ಟವಾದರೆ ಇಟ್ಟುಕೊಳ್ಳುತ್ತಾನೆ, ಇಲ್ಲದಿದ್ದರೆ ಇಲ್ಲ. ಅವಳು ಆ ಒಂದು ವರ್ಷ ತಾನು ಒಳ್ಳೆಯ ಹೆಂಡತಿ ಅಂತ ತೋರಿಸುತ್ತಲೇ ಇರಬೇಕು. ಸೌಂದರ್ಯ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ ಕಥೆಯ ಅನ್ಯಾಯವೇ ಮರೆತುಹೋಗುತ್ತದೆ. ನನಗೆ ಬೇಸರ ಅಲ್ಲೇ. ಅವರ ಒಳ್ಳೆಯ ನಟನೆಯನ್ನು ಕೆಟ್ಟ ಕಥೆಗಳನ್ನು ಒಪ್ಪಿಸುವುದಕ್ಕೆ ಬಳಸಿಕೊಂಡರು.

ಹಳೇ ಕಾಲದ ಮಹಾನಟಿ ಸಾವಿತ್ರಿಗೆ ಹೋಲಿಸಿ ‘ಆಧುನಿಕ ಸಾವಿತ್ರಿ’ ಅಂತ ತೆಲುಗಿನವರು ಕರೆದರು. ದೊಡ್ಡ ಗೌರವ. ಆದರೆ ಆ ಹೆಸರು ಬಿದ್ದ ಮೇಲೆ ಸೀರೆ, ಕುಂಕುಮ, ಕಣ್ಣೀರು, ತ್ಯಾಗ, ಇದರಿಂದ ಹೊರಗೆ ಬರುವುದು ಕಷ್ಟವಾಯಿತು.

ನಂಬರ್ ಒನ್ ಫ್ಯಾನ್

ಕಣ್ಣೀರು ತ್ಯಾಗ ಅಂತ ಒಂದೇ ಗೀಟಿನಲ್ಲಿ ಹೊಡೆದು ಹಾಕಬೇಡಿ. ಎಸ್.ವಿ. ಕೃಷ್ಣಾರೆಡ್ಡಿ ಅವರ ಸಿನಿಮಾ ನೋಡಿದ್ದೀರಾ? 1993ರಲ್ಲಿ ‘ರಾಜೇಂದ್ರುಡು ಗಜೇಂದ್ರುಡು’, ‘ಮಾಯಲೋಡು’. ಎರಡರಲ್ಲೂ ರಾಜೇಂದ್ರಪ್ರಸಾದ್ ನಾಯಕ, ಎರಡೂ ಹಾಸ್ಯ. ‘ಮಾಯಲೋಡು’ನಲ್ಲಿ ಬಾಬು ಮೋಹನ್ ಜೊತೆ ಮಳೆ ಹಾಡಿದೆಯಲ್ಲ, ಅದನ್ನು ಈಗಲೂ ಜನ ನೆನೆಯುತ್ತಾರೆ. ಆಗಿನ್ನೂ ಹೊಸಬರು. ಹಾಸ್ಯನಟನ ಜೊತೆ ಹಾಡಿಗೆ ಕುಣಿದರೆ ಮುಂದೆ ದೊಡ್ಡ ನಾಯಕರು ಕರೆಯುವುದಿಲ್ಲ ಅನ್ನುವ ಹೆದರಿಕೆ ಆ ಕಾಲದ ನಾಯಕಿಯರಿಗೆ ಇತ್ತು. ಇವರು ಮನಸ್ಸಿಟ್ಟು ಕುಣಿದರು. ಆಮೇಲೆ ನಾಗಾರ್ಜುನ ಜೊತೆ ‘ಹಲೋ ಬ್ರದರ್’, ಚಿರಂಜೀವಿ ಜೊತೆ ‘ಚೂಡಾಲನಿ ಉಂದಿ’, ರಜನಿಕಾಂತ್ ಜೊತೆ ‘ಅರುಣಾಚಲಂ’, ಕಮಲ್ ಜೊತೆ ‘ಕಾದಲಾ ಕಾದಲಾ’. ಕಮಲ್, ಪ್ರಭುದೇವ ಇಬ್ಬರೂ ಇರುವ ಹಾಸ್ಯದಲ್ಲಿ ಸುಮ್ನೆ ನಿಂತರೆ ಯಾರೂ ಕಣ್ಣಿಗೆ ಬೀಳುವುದಿಲ್ಲ. ಇವರು ಬಿದ್ದರು.

ಹಾಸ್ಯಕ್ಕೆ ಟೈಮಿಂಗ್ ಬೇಕು. ಅಳುವುದಕ್ಕಿಂತ ಕಷ್ಟದ ಕೆಲಸ ಅದು.

ಹಳೇ ಟಾಕೀಸು

ಇದು ಒಳ್ಳೆ ಮಾತು. ಅವರ ಹಾಸ್ಯದ ಬಗ್ಗೆ ಯಾರೂ ಬರೆಯುವುದಿಲ್ಲ.

ಸಾಗರದಿಂದ

‘ದ್ವೀಪ’ದ ಬಗ್ಗೆ ನಾನು ಬರೆಯಲೇಬೇಕು. ನಮ್ಮದು ಮುಳುಗಡೆಯಾದ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಹಿನ್ನೀರಲ್ಲಿ ಊರೂರೇ ಹೋದವು. ನಾ. ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಇದನ್ನೆಲ್ಲ ಕಣ್ಣಾರೆ ಕಂಡವರು. ಅವರ ಕಾದಂಬರಿ ಅದು. ನಮ್ಮ ಮನೆಯ ಹಿರಿಯರು ಈ ಸಿನಿಮಾವನ್ನು ಸಿನಿಮಾ ಅಂತ ನೋಡಲಿಲ್ಲ.

ನಾಗಿ ಪಾತ್ರಕ್ಕೆ ತೆಲುಗಿನ ದೊಡ್ಡ ಸ್ಟಾರ್ ಬರುತ್ತಾರೆ ಅಂದಾಗ ನನಗೆ ಅನುಮಾನವಿತ್ತು. ಮಲೆನಾಡಿನ ಮಳೆ, ಕೆಸರು, ಜಾರುವ ಅಂಗಳ, ದೋಣಿ. ಅಲ್ಲಿ ನಡೆಯುವುದಕ್ಕೇ ಅಭ್ಯಾಸ ಬೇಕು. ಆದರೆ ನಾಗಿ ನಡೆಯುವುದನ್ನು ನೋಡಿ. ಸೀರೆ ಎತ್ತಿ ಕಟ್ಟಿದ ರೀತಿ, ಕೆಲಸದ ನಡುವೆ ಮಾತಾಡುವಾಗ ಕೈ ನಿಲ್ಲಿಸದೇ ಇರುವುದು. ಮಲೆನಾಡಿನ ಮನೆಗಳಲ್ಲಿ ಹೆಂಗಸರು ಹಾಗೇ ಇರುತ್ತಾರೆ. ಕೂತು ಮಾತಾಡುವ ಹೊತ್ತೇ ಇರುವುದಿಲ್ಲ. ಅದನ್ನು ಅವರು ಎಲ್ಲಿ ಕಲಿತರೋ, ನಿರ್ದೇಶಕ ಗಿರೀಶ್ ಕಾಸರವಳ್ಳಿ ಎಷ್ಟು ಹೇಳಿಕೊಟ್ಟರೋ, ಪರದೆಯ ಮೇಲೆ ಮಾತ್ರ ನಮ್ಮ ಮನೆಯವಳೇ ಬಂದ ಹಾಗಿತ್ತು.

ಕಥೆ ಗೊತ್ತಿಲ್ಲದವರಿಗೆ: ಅಣೆಕಟ್ಟಿನ ನೀರು ಏರುತ್ತದೆ, ಊರಿನವರೆಲ್ಲ ಪರಿಹಾರ ತಗೊಂಡು ಹೋಗುತ್ತಾರೆ. ದುಗ್ಗಜ್ಜ ಅನ್ನುವ ಮುದುಕ ಪೂಜಾರಿ, ಮಗ ಗಣಪ, ಸೊಸೆ ನಾಗಿ ಉಳಿಯುತ್ತಾರೆ. ವಾಸುದೇವ ರಾವ್, ಅವಿನಾಶ್, ಸೌಂದರ್ಯ. ತವರಿನ ಕಡೆಯಿಂದ ಕೃಷ್ಣ ಬರುತ್ತಾನೆ, ಆ ಪಾತ್ರ ಹರೀಶ್ ರಾಜ್ ಅವರದು. ಅವನು ಬಂದ ಮೇಲೆ ಮನೆಗೆ ಸ್ವಲ್ಪ ಜೀವ ಬರುತ್ತದೆ, ಗಂಡನಿಗೆ ಅನುಮಾನವೂ ಬರುತ್ತದೆ. ಮಳೆಗಾಲ ದಾಟುವ ತನಕ ಆ ಮನೆಯನ್ನು ಹಿಡಿದು ನಿಲ್ಲಿಸುವವಳು ನಾಗಿ. ಬದುಕಿ ಉಳಿದ ಮೇಲೆ ಗಣಪ ದೇವರು ಕಾಪಾಡಿದ ಅನ್ನುತ್ತಾನೆ. ಅವಳ ದುಡಿಮೆ ಅವನ ಲೆಕ್ಕಕ್ಕೇ ಬರುವುದಿಲ್ಲ.

ರಂಗದ ಹುಡುಗಿ

ನಾನು ನಾಟಕದಲ್ಲಿ ಕೆಲಸ ಮಾಡುವವಳು. ಆ ಕೊನೆಯ ಭಾಗವನ್ನು ನಮ್ಮ ತಂಡದಲ್ಲಿ ಎಷ್ಟೋ ಸಲ ಹಾಕಿ ನೋಡಿದ್ದೇವೆ. ಅಲ್ಲಿ ಸೌಂದರ್ಯ ಏನು ಮಾಡುವುದಿಲ್ಲ ಅನ್ನುವುದನ್ನು ಗಮನಿಸಬೇಕು. ಗಂಡ ಹಾಗೆ ಮಾತಾಡಿದಾಗ ಅವರು ಅಳುವುದಿಲ್ಲ, ಸಿಟ್ಟಿನಿಂದ ನೋಡುವುದಿಲ್ಲ, ಕ್ಯಾಮೆರಾಗೆ ‘ನೋಡಿ ನನಗೆ ನೋವಾಯಿತು’ ಅಂತ ಸುಳಿವು ಕೊಡುವುದಿಲ್ಲ. ಹತ್ತು ವರ್ಷ ಕ್ಲೋಸ್ ಅಪ್‌ನಲ್ಲಿ ಅತ್ತು ಹೆಸರು ಮಾಡಿದ ನಟಿ ಅದನ್ನು ಬಿಟ್ಟುಕೊಡುವುದು ಸುಲಭವಲ್ಲ. ಅಭ್ಯಾಸದ ಬಲ ದೊಡ್ಡದು. ನಿರ್ದೇಶಕ ಬೇಡ ಅಂದರೂ ಮುಖ ತಾನೇ ಮಾಡಿಬಿಡುತ್ತದೆ.

ಆದರೆ ನಾನು ಇಲ್ಲಿ ಒಂದು ಬೇರೆ ಮಾತು ಸೇರಿಸುತ್ತೇನೆ. ಕಮರ್ಷಿಯಲ್ ಸಿನಿಮಾದಿಂದ ‘ಪಾರಾಗಿ’ ನಾಗಿ ಆದರು ಅಂತ ನಮ್ಮ ಕಲಾತ್ಮಕ ಸಿನಿಮಾ ಪ್ರೇಮಿಗಳು ಹೇಳುತ್ತಾರೆ. ಅದು ಸರಿಯಲ್ಲ. ದಿನಕ್ಕೊಂದು ಸೆಟ್, ತಿಂಗಳಿಗೊಂದು ಭಾಷೆ, ಮಾರ್ಕ್ ಮೇಲೆ ನಿಂತು ಬೆಳಕು ಹಿಡಿಯುವುದು, ಇಪ್ಪತ್ತನೇ ಟೇಕ್‌ನಲ್ಲೂ ಮೊದಲ ಟೇಕಿನ ತಾಜಾತನ. ಇದೆಲ್ಲ ಆ ಕಮರ್ಷಿಯಲ್ ವರ್ಷಗಳ ಗಳಿಕೆ. ‘ದ್ವೀಪ’ದ ನಿಧಾನಕ್ಕೆ ಆ ಶಿಸ್ತು ಬೇಕಿತ್ತು. ಎರಡನ್ನೂ ಬೇರೆ ಬೇರೆ ಮಾಡಿ ನೋಡಬಾರದು.

ಫ್ರೇಮ್ ಬೈ ಫ್ರೇಮ್

ನಿಮ್ಮ ಮಾತಿಗೆ ಪುರಾವೆ ಬೇಕಿದ್ದರೆ ‘ಅಂತಃಪುರಂ’ ನೋಡಬೇಕು. 1998, ಕೃಷ್ಣವಂಶಿ ನಿರ್ದೇಶನ. ಹೊರದೇಶದಲ್ಲಿ ಬೆಳೆದ ಹುಡುಗಿ ಗಂಡನ ಜೊತೆ ರಾಯಲಸೀಮೆಗೆ ಬರುತ್ತಾಳೆ. ಅಲ್ಲಿ ಮಾವನ ಮನೆಯೇ ಬಾಂಬು ಕತ್ತಿಯ ಮನೆ. ಗಂಡ ಸಾಯುತ್ತಾನೆ, ಮಗನನ್ನು ಮಾವ ಬಿಡುವುದಿಲ್ಲ, ಅವಳು ಮಗುವನ್ನು ಎತ್ತಿಕೊಂಡು ಓಡಬೇಕು. ಗಂಡನ ಪಾತ್ರ ಸಾಯಿಕುಮಾರ್, ಮಾವ ಪ್ರಕಾಶ್ ರಾಜ್. ಕನ್ನಡದಲ್ಲೂ ಕೆಲಸ ಮಾಡಿದ ಮೂರು ಜನ ಒಂದು ತೆಲುಗು ಸಿನಿಮಾವನ್ನು ಹೊತ್ತು ನಿಂತಿದ್ದಾರೆ. ಪ್ರಕಾಶ್ ರಾಜ್ ಅವರಿಗೆ ರಾಷ್ಟ್ರಪ್ರಶಸ್ತಿ ಸಮಿತಿಯ ಗೌರವ ಬಂತು, ಸೌಂದರ್ಯಗೆ ಫಿಲ್ಮ್‌ಫೇರ್.

ಇಲ್ಲಿ ಸೌಂದರ್ಯ ಕಿರುಚುತ್ತಾರೆ, ಬೀಳುತ್ತಾರೆ, ಏಟು ತಿನ್ನುತ್ತಾರೆ, ಹೆದರಿಕೆಯಲ್ಲಿ ಧ್ವನಿಯೇ ಹೊರಡದೆ ಬಾಯಿ ಅಲ್ಲಾಡಿಸುತ್ತಾರೆ. ನಾಗಿಗೆ ಪೂರ್ತಿ ವಿರುದ್ಧ ದಿಕ್ಕು. ಇದನ್ನೇ ಹಿಂದಿಯಲ್ಲಿ ‘ಶಕ್ತಿ’ ಅಂತ ಕರಿಷ್ಮಾ ಕಪೂರ್ ಮಾಡಿದರು. ‘ಪೆಳ್ಳಿ ಚೇಸುಕುಂದಾಂ’ ಹಿಂದಿಗೆ ಹೋದಾಗ ಐಶ್ವರ್ಯಾ ರೈ ಮಾಡಿದರು. ಎರಡೂ ಪಾತ್ರಕ್ಕೆ ಮೊದಲು ರೂಪ ಕೊಟ್ಟವರು ಇವರು. ಆದರೆ ಹಿಂದಿ ಸೀಮೆಯಲ್ಲಿ ಇವರು ಗೊತ್ತಿರುವುದು ‘ಸೂರ್ಯವಂಶಂ’ನಿಂದ ಮಾತ್ರ, ಅದೂ ಟಿವಿಯಲ್ಲಿ ಮತ್ತೆ ಮತ್ತೆ ಹಾಕಿದ್ದಕ್ಕೆ.

ಹೊಸ ನೋಡುಗ

‘ಅಮ್ಮೋರು’ ಯಾರೂ ಹೇಳಲಿಲ್ಲ ಯಾಕೆ? ನಮ್ಮ ಅಜ್ಜಿ ಅದನ್ನು ಹಬ್ಬದ ಹಾಗೆ ನೋಡುತ್ತಿದ್ದರು.

ನಂಬರ್ ಒನ್ ಫ್ಯಾನ್

1995. ಕೋಡಿ ರಾಮಕೃಷ್ಣ. ರಮ್ಯಾಕೃಷ್ಣ ಅಮ್ಮನವರು, ಸೌಂದರ್ಯ ಭಕ್ತೆ ಭವಾನಿ. ಗ್ರಾಫಿಕ್ಸ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಗ್ರಾಫಿಕ್ಸ್ ಇರುವ ಸಿನಿಮಾದಲ್ಲಿ ನಟಿ ಇಲ್ಲದಿರುವುದನ್ನು ನೋಡಿ ಹೆದರಬೇಕು, ಇಲ್ಲದ ದೇವಿಗೆ ಕೈ ಮುಗಿಯಬೇಕು. ಅವರು ನಂಬಿದ್ದರಿಂದ ನಾವು ನಂಬಿದೆವು. ಅದೇ ಅವರನ್ನು ಆಂಧ್ರದ ಹಳ್ಳಿಹಳ್ಳಿಗೆ ಮುಟ್ಟಿಸಿದ ಸಿನಿಮಾ.

ಕೋಲಾರದ ಕಡೆಯವನು

ಟಾಕೀಸು ಅವರೇ, ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಕನ್ನಡದಲ್ಲಿ ಆಗ ನಾಯಕಿಗೆ ಜಾಗವೇ ಇರಲಿಲ್ಲ ಅನ್ನುವ ಹಾಗೆ ಬರೆದಿದ್ದೀರಿ. 90ರ ದಶಕದ ಆರಂಭದಲ್ಲಿ ಮಾಲಾಶ್ರೀ ಹೆಸರಿನ ಮೇಲೆ ಸಿನಿಮಾ ಓಡುತ್ತಿದ್ದವು. ಸುಧಾರಾಣಿ, ತಾರಾ, ಶ್ರುತಿ, ಆಮೇಲೆ ಪ್ರೇಮಾ ಇದ್ದರು. ಶ್ರುತಿ ಅವರ ಕೌಟುಂಬಿಕ ಸಿನಿಮಾಗಳಿಗೆ ಹೆಂಗಸರು ಸಾಲುಗಟ್ಟಿ ಬರುತ್ತಿದ್ದರು. ಜಾಗ ಇತ್ತು. ಆ ಜಾಗದಲ್ಲಿ ಬೇರೆಯವರು ಇದ್ದರು, ಅಷ್ಟೇ.

ಹಳೇ ಟಾಕೀಸು

ಒಳ್ಳೆಯ ಪ್ರಶ್ನೆ, ಇದಕ್ಕೆ ವಿವರವಾಗಿ ಹೇಳಬೇಕು.

ಮಾಲಾಶ್ರೀ ಅಲೆ ನಿಜ. ಆದರೆ ಅದು ಒಬ್ಬರ ಅಲೆ. ನಿರ್ಮಾಪಕರು ‘ನಾಯಕಿ ಪ್ರಧಾನ ಕಥೆ ಓಡುತ್ತದೆ’ ಅಂತ ಕಲಿಯಲಿಲ್ಲ, ‘ಮಾಲಾಶ್ರೀ ಓಡುತ್ತಾರೆ’ ಅಂತ ಕಲಿತರು. ಶ್ರುತಿ ಅವರನ್ನೂ ಅಳಿಸುತ್ತಲೇ ಇಟ್ಟರು. ಸೌಂದರ್ಯ ಕನ್ನಡಕ್ಕೆ ಬಂದಾಗ ಏನಾಯಿತು ನೋಡಿ. 1996ರಲ್ಲಿ ‘ಸಿಪಾಯಿ’, ರವಿಚಂದ್ರನ್ ಸಿನಿಮಾ, ಚಿರಂಜೀವಿ ಕೂಡ ಇದ್ದರು. ಜನ ಮಾತಾಡಿದ್ದು ಅವರಿಬ್ಬರ ಬಗ್ಗೆ. 2001ರಲ್ಲಿ ‘ಶ್ರೀ ಮಂಜುನಾಥ’. ಅರ್ಜುನ್ ಹೆಂಡತಿಯ ಪಾತ್ರ. ಆ ಪಾತ್ರದಲ್ಲಿ ಎಷ್ಟು ತಾಳ್ಮೆ ಇದೆ, ಆದರೆ ಅದು ನಾಸ್ತಿಕ ಭಕ್ತನಾಗುವ ಕಥೆ, ಹೆಂಡತಿ ಪಕ್ಕದಲ್ಲಿ ನಿಲ್ಲಬೇಕು. ರಾಜೇಂದ್ರಸಿಂಗ್ ಬಾಬು ಅವರ ‘ದೋಣಿ ಸಾಗಲಿ’ ಬಿಟ್ಟರೆ ಅವರನ್ನು ನಡುವೆ ಇಟ್ಟು ಯೋಚಿಸಿದವರು ಸಿಗುವುದೇ ಕಷ್ಟ.

ಹಾಗಾಗಿ ‘ಸತ್ಯ ಮೂವಿ ಮೇಕರ್ಸ್’ ಅಂತ ಬ್ಯಾನರ್ ಮಾಡಿದರು. ತಂದೆಯ ಹೆಸರು. ತೆಲುಗಿನಲ್ಲಿ ದುಡಿದ ದುಡ್ಡನ್ನು ಕನ್ನಡದಲ್ಲಿ ಮಳೆ, ನೀರು, ನಾಲ್ಕೇ ಪಾತ್ರ ಇರುವ ಸಿನಿಮಾಗೆ ಹಾಕಿದರು. 49ನೇ ರಾಷ್ಟ್ರಪ್ರಶಸ್ತಿಯಲ್ಲಿ ಸ್ವರ್ಣಕಮಲ ಬಂತು. ಕಾಸರವಳ್ಳಿ ಅವರಿಗೆ ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’ ಆದ ಮೇಲೆ ನಾಲ್ಕನೆಯದು. ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಶ್ರೇಷ್ಠ ನಟಿ ಪ್ರಶಸ್ತಿ ಆ ವರ್ಷ ಟಬು ಮತ್ತು ಶೋಭನಾ ಹಂಚಿಕೊಂಡರು. ಅಂದರೆ ದೇಶದ ಅತ್ಯುತ್ತಮ ಸಿನಿಮಾದ ಪ್ರಶಸ್ತಿಯನ್ನು ಸೌಂದರ್ಯ ನಿರ್ಮಾಪಕಿಯಾಗಿ ಪಡೆದರು, ಆ ಸಿನಿಮಾದ ಉಸಿರಾಗಿದ್ದ ನಟನೆಗೆ ಅಲ್ಲಿ ಪ್ರಶಸ್ತಿ ಬರಲಿಲ್ಲ.

‘ತಾಯಿ ಸಾಹೇಬ’ದ ನಿರ್ಮಾಪಕರು ಯಾರು? ಜಯಮಾಲಾ. ಅವರೂ ಕಮರ್ಷಿಯಲ್ ನಾಯಕಿಯಾಗಿ ಹೆಸರು ಮಾಡಿ, ಆಮೇಲೆ ತಾವೇ ದುಡ್ಡು ಹಾಕಿ, ತಾವೇ ನಟಿಸಿದರು. ಎರಡು ಸ್ವರ್ಣಕಮಲ, ಎರಡರ ಹಿಂದೆಯೂ ಒಬ್ಬೊಬ್ಬ ನಟಿಯ ಗಳಿಕೆ. ನಮ್ಮ ಇಂಡಸ್ಟ್ರಿ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ನನಗೆ ಹೆಮ್ಮೆಯ ಜೊತೆ ಕೋಪವೂ ಬರುತ್ತದೆ.

ಸಾಗರದಿಂದ

ಕೋಪ ನ್ಯಾಯವಾದದ್ದೇ. ಆದರೆ ಅವರು ಬೇರೆ ಎಲ್ಲಾದರೂ ದುಡ್ಡು ಹಾಕಬಹುದಿತ್ತು. ಮುಳುಗಡೆಯ ಕಥೆ ಆರಿಸಿದರಲ್ಲ, ನಮ್ಮ ಕಡೆಯವರು ಅದನ್ನು ಮರೆಯುವುದಿಲ್ಲ.

ರಂಗದ ಹುಡುಗಿ

ಶೋಭನಾ ಹೆಸರು ಬಂತಲ್ಲ, ‘ಆಪ್ತಮಿತ್ರ’ಕ್ಕೆ ಬರೋಣ. ಮಲಯಾಳಂನ ಮೂಲ ಚಿತ್ರ 1993ರದ್ದು. ಆ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಶೋಭನಾ ಭರತನಾಟ್ಯದಲ್ಲೇ ಬದುಕಿದವರು. ಅಂಥ ಪಾತ್ರವನ್ನು ಮತ್ತೆ ಮಾಡಲು ಧೈರ್ಯ ಬೇಕು.

ಸೌಂದರ್ಯ ನೃತ್ಯದಿಂದ ಸ್ಪರ್ಧೆಗೆ ಇಳಿಯಲಿಲ್ಲ. ತಾನೇ ನಾಗವಲ್ಲಿ ಅನ್ನುವ ಹಳೇ ಕಾಲದ ನರ್ತಕಿ ಎಂದು ನಂಬುವ ಗಂಗಾಳನ್ನು ಚೆನ್ನಾಗಿ ಕಟ್ಟಿದರು. ಅರ್ಧ ಸಿನಿಮಾ ಅವರು ಸುಮ್ಮನೆ ನಗುವ, ಕುತೂಹಲದ ಹೆಂಡತಿ. ಅನುಮಾನವೇ ಬರುವುದಿಲ್ಲ. ಗಂಡನ ಪಾತ್ರದ ರಮೇಶ್ ಅರವಿಂದ್ ಹೊರಗೆ ಹೋಗಬೇಡ ಅನ್ನುವ ಆ ದೃಶ್ಯದಲ್ಲಿ ಬದಲಾವಣೆ ಶುರುವಾಗುವುದು ಕಣ್ಣಿಂದ ಅಲ್ಲ, ಕುತ್ತಿಗೆಯಿಂದ. ತಲೆ ಸ್ವಲ್ಪ ವಾಲುತ್ತದೆ, ಭುಜ ಗಟ್ಟಿಯಾಗುತ್ತದೆ, ಆಮೇಲೆ ಕಣ್ಣು. ನಿಧಾನಕ್ಕೆ ಹಾಕಿ ನೋಡಿ, ಗೊತ್ತಾಗುತ್ತದೆ. ಹತ್ತು ವರ್ಷ ಎಲ್ಲರೂ ‘ಮನೆಮಗಳು’ ಅಂತ ಒಪ್ಪಿಕೊಂಡ ಮುಖ ಅದು. ಆ ನಂಬಿಕೆಯನ್ನೇ ನಿರ್ದೇಶಕ ಪಿ. ವಾಸು ಬಳಸಿಕೊಂಡರು. ಬೇರೆ ಯಾರಾದರೂ ಇದ್ದಿದ್ದರೆ ಮೊದಲೇ ಗುಮಾನಿ ಬರುತ್ತಿತ್ತು.

ಕೋಲಾರದ ಕಡೆಯವನು

ಮತ್ತೆ ನಾಗವಲ್ಲಿ ಮಾತಾಡುವುದು ತೆಲುಗು. ಕನ್ನಡ ಸಿನಿಮಾದೊಳಗೆ ತೆಲುಗಿನ ನರ್ತಕಿ. ಅವರ ಬದುಕಿನ ಎರಡೂ ಭಾಷೆ ಒಂದೇ ಪಾತ್ರಕ್ಕೆ ಬಂದು ಸೇರಿತು. ನಮ್ಮ ಊರಲ್ಲಿ ಆ ಮಾತು ಬಂದಾಗ ಯಾರಿಗೂ ಅನುವಾದ ಬೇಕಾಗಲಿಲ್ಲ.

ಹಳೇ ಟಾಕೀಸು

2004ರ ಆಗಸ್ಟ್‌ನಲ್ಲಿ ಬಂತು, ಅವರು ಹೋಗಿ ನಾಲ್ಕು ತಿಂಗಳ ಮೇಲೆ. ನಿರ್ಮಾಪಕ ದ್ವಾರಕೀಶ್ ಅವರಿಗೆ ಆಗ ಒಂದು ಗೆಲುವು ತುಂಬಾ ಬೇಕಾಗಿತ್ತು, ವಿಷ್ಣುವರ್ಧನ್ ಜೊತೆ ಮತ್ತೆ ಸೇರಿದ್ದರು. ಭಾರಿ ಹಿಟ್ ಆಯಿತು. ಮರುವರ್ಷ ವಾಸು ಅದನ್ನೇ ತಮಿಳಲ್ಲಿ ‘ಚಂದ್ರಮುಖಿ’ ಮಾಡಿದರು, ಜ್ಯೋತಿಕಾ ಆ ಪಾತ್ರ ಮಾಡಿದರು. ಕನ್ನಡದ ದೊಡ್ಡ ಕಮರ್ಷಿಯಲ್ ಗೆಲುವು, ಕನ್ನಡದ ದೊಡ್ಡ ಪ್ರಶಸ್ತಿ, ಎರಡೂ ಅವರ ಕೊನೆಯ ಮೂರು ವರ್ಷದಲ್ಲೇ. ಆಗಷ್ಟೇ ಮಲಯಾಳಂನಲ್ಲೂ ಶುರು ಮಾಡಿದ್ದರು. ಸತ್ಯನ್ ಅಂತಿಕ್ಕಾಡ್, ಪ್ರಿಯದರ್ಶನ್ ಜೊತೆ ಒಂದೊಂದು ಸಿನಿಮಾ. ನಾಯಕಿಯಾಗಿ ಒಂದು ಘಟ್ಟ ಮುಗಿದು, ಆರಿಸಿ ಆರಿಸಿ ಕೆಲಸ ಮಾಡುವ ಘಟ್ಟ ಶುರುವಾಗಿತ್ತು. ತಾರಾ ‘ಹಸೀನಾ’ಕ್ಕೆ, ಉಮಾಶ್ರೀ ‘ಗುಲಾಬಿ ಟಾಕೀಸು’ಗೆ ರಾಷ್ಟ್ರಪ್ರಶಸ್ತಿ ತಂದ ವರ್ಷಗಳು ಮುಂದೆ ಬರಲಿದ್ದವು. ಆ ಸಾಲಿನಲ್ಲಿ ನಿರ್ಮಾಪಕಿ ಸೌಂದರ್ಯ ಇನ್ನೂ ಎರಡು ಮೂರು ಸಿನಿಮಾ ತೆಗೆದಿದ್ದರೆ ಎಷ್ಟು ನಟಿಯರಿಗೆ ಕೆಲಸ ಸಿಗುತ್ತಿತ್ತು ಅನ್ನುವುದೇ ನನ್ನ ದೊಡ್ಡ ನೋವು.

ಹೊಸ ನೋಡುಗ

ನಾನು ‘ಆಪ್ತಮಿತ್ರ’ ಬಿಟ್ಟು ಬೇರೆ ನೋಡಿಲ್ಲ. ಯಾವುದರಿಂದ ಶುರು ಮಾಡಲಿ? ‘ಪಡಯಪ್ಪ’ ಚೆನ್ನಾಗಿದೆ ಅಂತಾರೆ.

ಫ್ರೇಮ್ ಬೈ ಫ್ರೇಮ್

‘ಪಡಯಪ್ಪ’ ನೀಲಾಂಬರಿಯ ಸಿನಿಮಾ, ರಮ್ಯಾಕೃಷ್ಣ ಅವರದು. ಸೌಂದರ್ಯ ಅಲ್ಲಿ ವಸುಂಧರಾ, ತಲೆ ತಗ್ಗಿಸಿ ನಿಲ್ಲುವ ಪಾತ್ರ. ಅದರಿಂದ ಅವರನ್ನು ಅಳೆಯಬೇಡಿ.

ಹಳೇ ಟಾಕೀಸು

‘ಮಾಯಲೋಡು’ ಮೊದಲು ನೋಡಿ, ನಗುವ ಸೌಂದರ್ಯ ಪರಿಚಯವಾಗಲಿ. ಆಮೇಲೆ ‘ಅಂತಃಪುರಂ’. ಅದಾದ ಮೇಲೆ ಎರಡು ದಿನ ಬಿಟ್ಟು ‘ದ್ವೀಪ’, ಫೋನ್ ಪಕ್ಕಕ್ಕಿಟ್ಟು, ಒಂದೇ ಸಲಕ್ಕೆ ಪೂರ್ತಿ. ‘ಪವಿತ್ರ ಬಂಧಂ’ ಬೇಕಿದ್ದರೆ ಮನೆಯವರ ಜೊತೆ ಕೂತು ನೋಡಿ, ಕಥೆಯ ಬಗ್ಗೆ ಜಗಳ ಆಡುವುದಕ್ಕೆ ಚೆನ್ನಾಗಿರುತ್ತದೆ. ‘ಪಡಯಪ್ಪ’ ಎಲ್ಲಕ್ಕಿಂತ ಕೊನೆಗೆ ನೋಡಿದರೂ ನಡೆಯುತ್ತದೆ.